2020ರಲ್ಲಿ ನಿಮ್ಮ ಮನೆಗೆ ನಿಜವಾಗಿ ಬಂದು ಮುಟ್ಟಿದ್ದೇನು? ಗಡಿನಾಡಿನವರು ಬರೆಯಿರಿ

ಪೆರ್ಲದ ಹಳೆ ಗುಮಾಸ್ತ

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ವಾಚನಾಲಯದಲ್ಲಿ ಮುಂದಿನ ಭಾನುವಾರ ಒಂದು ಮಾತುಕತೆ ಇದೆ. ಪೇಟೆ ಬಿದ್ದಾಗ, ಕೆಲಸ ನಿಂತಾಗ, ಸರ್ಕಾರದ ತೀರ್ಮಾನಗಳು ಕೂಲಿ ಮಾಡಿ ಬದುಕುವವರ ಮನೆಗೆ ಹೇಗೆ ಬಂದು ಮುಟ್ಟುತ್ತವೆ ಅಂತ ಮಾತಾಡುವುದು. ಶುರು ಮಾಡಲು ನನಗೆ ಹೇಳಿದ್ದಾರೆ. ಪುಸ್ತಕ ಓದಿ ಹೇಳುವವರು ಬೇರೆ ಇದ್ದಾರೆ. ನನಗೆ ನಿಮ್ಮ ಮನೆಯ ಲೆಕ್ಕ ಬೇಕು.

ನಾನು ಸೇವಾ ಸಹಕಾರಿ ಸಂಘದಲ್ಲಿ 31 ವರ್ಷ ಕೆಲಸ ಮಾಡಿದವ. 2021ರಲ್ಲಿ ನಿವೃತ್ತಿಯಾಯಿತು. ಹಿಂಜರಿತ ಬಂತು ಅಂತ ಪೇಪರಿನವರು ಬರೆಯುವ ಮೊದಲೇ ನಮ್ಮ ಕೌಂಟರಿಗೆ ಗೊತ್ತಾಗುತ್ತಿತ್ತು. ಮೊದಲು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಇಳಿಯುತ್ತದೆ. ದಿನಕ್ಕೆ 50 ಕಟ್ಟುತ್ತಿದ್ದ ಹೋಟೆಲಿನವರು 20 ಕಟ್ಟುತ್ತಾರೆ. ಆಮೇಲೆ ‘ನಾಳೆ ಬನ್ನಿ’ ಅನ್ನುತ್ತಾರೆ. ಅದಾಗಿ ಸ್ವಲ್ಪ ದಿನಕ್ಕೆ ಚಿನ್ನ ಅಡವಿಡುವವರ ಸಾಲು ಉದ್ದವಾಗುತ್ತದೆ. ಮೊದಲು ಬಳೆ ಬರುತ್ತದೆ, ಕೊನೆಗೆ ಕರಿಮಣಿ. ಕುತ್ತಿಗೆಯಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟ ಹೆಂಗಸಿನ ಎದುರು ಕೂತು ರಶೀದಿ ಬರೆದಿದ್ದೇನೆ. ಈಗಲೂ ನೆನಪಾಗುತ್ತದೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತು. ದೇಶದಲ್ಲಿ ಓಡಾಡುತ್ತಿದ್ದ ಹಣದಲ್ಲಿ ನೂರಕ್ಕೆ 86ರಷ್ಟು ಆ ಎರಡು ನೋಟುಗಳಲ್ಲೇ ಇತ್ತು. ಒಂದು ವಾರ ಕಳೆಯುವ ಮೊದಲೇ, ನವೆಂಬರ್ 14ಕ್ಕೆ, ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆ ನೋಟು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ ಆದೇಶ ಬಂತು. ಕೇರಳದ ಹಳ್ಳಿಗಳ ಉಳಿತಾಯ ಹೆಚ್ಚಿನದೂ ಸಹಕಾರಿ ಸಂಘಗಳಲ್ಲೇ ಇರುವುದು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ತಿರುವನಂತಪುರದಲ್ಲಿ ರಿಸರ್ವ್ ಬ್ಯಾಂಕಿನ ಎದುರು ಧರಣಿ ಕೂತರು. ಇಲ್ಲಿ ನಮ್ಮ ಕೌಂಟರಿನ ಎದುರು ಜನ ನಿಂತು ‘ಹಣ ನನ್ನದೇ ಅಲ್ವಾ?’ ಅಂತ ಕೇಳುತ್ತಿದ್ದರು. ಮಗಳ ಮದುವೆಗೆ ಅಂತ ಇಟ್ಟ ಠೇವಣಿ. ಪುಸ್ತಕದಲ್ಲಿ ಇದೆ, ಕೈಗೆ ಸಿಗುವುದಿಲ್ಲ. ಕೊನೆಗೆ ಆ ನೋಟುಗಳಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ವಾಪಸ್ ಬಂದಿವೆ ಅಂತ ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು. ಹಾಗಾದರೆ ನಮ್ಮ ಪೇಟೆಯಲ್ಲಿ ಆ ನಾಲ್ಕು ತಿಂಗಳು ಮುಚ್ಚಿದ ಅಂಗಡಿಗಳು ಯಾತಕ್ಕಾಗಿ ಮುಚ್ಚಿದವು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಮೇಲೆ 2020, ಕೊರೋನಾ ವರ್ಷ. ಏಪ್ರಿಲಿನಿಂದ ಜೂನ್ ತನಕ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ. 23.9 ಕುಸಿಯಿತು ಅಂತ ಮೊದಲ ಲೆಕ್ಕ ಬಂತು. ಅದರ ಮುಂದಿನ ಮೂರು ತಿಂಗಳು ಶೇ. 7.5. ಹೀಗೆ ಎರಡು ಸಲ ಸಾಲಾಗಿ ಇಳಿದರೆ ಅದನ್ನು ಹಿಂಜರಿತ ಅನ್ನುತ್ತಾರೆ.

ಆಗ ಘೋಷಣೆಗಳು ಬಹಳ ಬಂದವು. ಕೇರಳ ಮಾರ್ಚ್ 19ಕ್ಕೇ 20,000 ಕೋಟಿಯ ಪ್ಯಾಕೇಜ್ ಹೇಳಿತು. ಕೇಂದ್ರ ಮೇ ತಿಂಗಳಲ್ಲಿ 20 ಲಕ್ಷ ಕೋಟಿ ಅಂದಿತು. ನನ್ನ ಪ್ರಶ್ನೆ ಸಣ್ಣದು. ನಿಮ್ಮ ಕೈಗೆ ಏನು ಬಂತು? ಎಷ್ಟು ತಡವಾಗಿ ಬಂತು? ಏನು ಬರಲೇ ಇಲ್ಲ? ಕಾಸರಗೋಡಿನವರು ಮಾತ್ರ ಅಲ್ಲ, ಹೊಸೂರು, ತಾಳವಾಡಿ, ಅಕ್ಕಲಕೋಟ, ಜತ್ತ, ರಾಯದುರ್ಗ, ಎಲ್ಲಿಯ ಕನ್ನಡದವರಾದರೂ ಬರೆಯಿರಿ.

ಬೀಡಿ ಮನೆಯ ಮಗಳು, ಮಂಜೇಶ್ವರ

ಗುಮಾಸ್ತರೇ, ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಅಮ್ಮ ಬೀಡಿ ಕಟ್ಟಲು ಶುರು ಮಾಡಿ 35 ವರ್ಷ ಆಯಿತು. ಮಂಗಳೂರು ಕಡೆಯ ಒಂದು ಕಂಪನಿಯ ಬ್ರಾಂಚಿಗೆ. ರಾತ್ರಿ ಎಲೆ ನೆನೆಹಾಕುವುದು, ಬೆಳಗ್ಗೆ ಕತ್ತರಿಸುವುದು, ಮಧ್ಯಾಹ್ನ ಕೆಲಸ ಎಲ್ಲ ಮುಗಿಸಿ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟು ಕೂರುವುದು. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ಸಾವಿರ ಕಟ್ಟಲು ಇಡೀ ದಿನ ಬೇಕು. ಎಲೆ ಹಾಳಿದ್ದರೆ ಕೊರತೆ ನಮ್ಮದೇ, ಅಂಗಡಿಯಿಂದ ಎಲೆ ಕೊಂಡು ತುಂಬಿಸಬೇಕು. ಅಕ್ಕನ ಮದುವೆ, ನನ್ನ ಡಿಗ್ರಿ, ಮನೆಯ ಹೆಂಚು, ಎಲ್ಲ ಆ ತಡ್ಪೆಯಿಂದಲೇ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ ಶೇ. 28 ತೆರಿಗೆ ಬಿತ್ತು. ಎಲೆಗೆ ಶೇ. 18. ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ತೆರಿಗೆ ಹಾಕಬಾರದು ಅಂತ ನಾನು ಹೇಳುವುದಿಲ್ಲ. ಅಮ್ಮನ ಕೆಮ್ಮು ನಾನು ದಿನಾ ಕೇಳಿದವಳು. ಆದರೆ ತೆರಿಗೆ ಹಾಕಿದ ದಿನವೇ ‘ಈ ಕೆಲಸ ಕಡಿಮೆಯಾಗುತ್ತದೆ, ಕಟ್ಟುವವರಿಗೆ ಬೇರೆ ಏನು ಕೊಡುತ್ತೇವೆ’ ಅಂತಲೂ ಯೋಚಿಸಬೇಕಿತ್ತು. ನಮ್ಮ ಬ್ರಾಂಚಿನಲ್ಲಿ ವಾರಕ್ಕೆ ಆರು ದಿನ ಇದ್ದ ಕೆಲಸ ನಾಲ್ಕಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ.

ಅಜ್ಜಿ ಒಂದು ಕಥೆ ಹೇಳುತ್ತಿದ್ದರು. 1966ರಲ್ಲಿ ಬೀಡಿ ಕೆಲಸಗಾರರ ಕಾಯ್ದೆ ಬಂತು. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ಕಂಪನಿಗಳು ಇಲ್ಲಿಯ ಕೆಲಸ ನಿಲ್ಲಿಸಿಬಿಟ್ಟವು. ಸುಮಾರು 12,000 ಜನಕ್ಕೆ ಕೆಲಸ ಹೋಯಿತು. ಆಗ ಸರ್ಕಾರ ಸುಮ್ನೆ ಕೂರಲಿಲ್ಲ. ಕೆಲಸಗಾರರಿಗೆ ಷೇರು ಹಣಕ್ಕೆ ಸಾಲ ಕೊಟ್ಟು 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಶುರು ಮಾಡಿತು. ಕೆಲಸ ಹೋದವರೇ ಅದರ ಯಜಮಾನರಾದರು. ಮುಂದೆ ಬೀಡಿ ಕಡಿಮೆಯಾದಾಗ ಅದೇ ಸಂಘ ತೆಂಗಿನ ಹಾಲು, ಉಪ್ಪಿನಕಾಯಿ, ಕೊಡೆ ಅಂತ ಬೇರೆ ಕೆಲಸಕ್ಕೂ ಇಳಿಯಿತು. ಅಂಥದ್ದು ನಮ್ಮ ಮಂಜೇಶ್ವರದ ಹೆಂಗಸರಿಗೆ ಸಿಗಲಿಲ್ಲ.

2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದರು. ಎಲೆ, ಹೊಗೆಸೊಪ್ಪು ಬರುವುದು ಆ ಕಡೆಯಿಂದ. ಕಟ್ಟಿಟ್ಟ ಬೀಡಿ ಹೋಗುವುದೂ ಆ ಕಡೆಗೇ. ಎರಡೂ ನಿಂತವು. ಶನಿವಾರದ ಮಜೂರಿ ಇಲ್ಲ.

ಬಂದದ್ದು ಇಷ್ಟು. ರೇಷನ್ ಅಂಗಡಿಯಿಂದ ಅಕ್ಕಿ. ಏಪ್ರಿಲಿನಲ್ಲಿ 17 ಸಾಮಾನಿನ ಕಿಟ್. ಸಕ್ಕರೆ, ಚಾ ಪುಡಿ, ಹೆಸರು, ಕಡಲೆ, ತೆಂಗಿನೆಣ್ಣೆ, ರವೆ, ಸಾಬೂನು ಕೂಡ ಇತ್ತು. ಅಮ್ಮನ ಜನಧನ ಖಾತೆಗೆ ತಿಂಗಳಿಗೆ 500ರಂತೆ ಮೂರು ತಿಂಗಳು, ಒಟ್ಟು 1,500. ನಗದು ಅಂತ ಬಂದದ್ದು ಅಷ್ಟೇ. ಪಿ.ಎಫ್‌ನಿಂದ ಮುಂಗಡ ತೆಗೆಯಬಹುದು ಅಂದರು, ತೆಗೆದೆವು. ಅದು ಅಮ್ಮನದೇ ಹಣ, ಮುಪ್ಪಿಗೆ ಅಂತ ಇಟ್ಟದ್ದು.

ಆ ಕಿಟ್ಟಿನ ಬಗ್ಗೆ ಯಾರೂ ಹಗುರಾಗಿ ಮಾತಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ದಿನ ಅಮ್ಮ ಸಾಮಾನುಗಳನ್ನು ಒಂದೊಂದಾಗಿ ಜಗಲಿಯಲ್ಲಿ ಜೋಡಿಸಿಟ್ಟು ಲೆಕ್ಕ ಮಾಡಿದ್ದು ನಾನು ನೋಡಿದ್ದೇನೆ.

ಹೊಸಂಗಡಿ ಆಟೋ

ನಂದು ಸಾಲದ ಕಥೆ. 2019ರಲ್ಲಿ ಸಾಲ ಮಾಡಿ ಆಟೋ ತೆಗೆದೆ. ಲಾಕ್‌ಡೌನಿನಲ್ಲಿ ಗಾಡಿ ಮನೆ ಹತ್ತಿರ ನಿಂತಿತು. ಮೂರು ತಿಂಗಳು ಕಂತು ಕಟ್ಟಬೇಡಿ ಅಂತ ಟಿವಿಯಲ್ಲಿ ಬಂತು. ಆಮೇಲೆ ಆಗಸ್ಟ್ ತನಕ ಮುಂದೆ ಹಾಕಿದರು. ನಾವು ಆಟೋದವರು ಸ್ಟ್ಯಾಂಡಿನಲ್ಲಿ ಬಹಳ ಖುಷಿಪಟ್ಟೆವು. ಆರು ತಿಂಗಳ ಕಂತು ಮಾಫಿ ಅಂತಲೇ ತಿಳಿದದ್ದು.

ಸೆಪ್ಟೆಂಬರಿನಲ್ಲಿ ಹೋಗಿ ಕೇಳಿದಾಗ ಸಾಲ ಜಾಸ್ತಿಯಾಗಿತ್ತು. ಬಡ್ಡಿ ಓಡುತ್ತಲೇ ಇತ್ತಂತೆ. ಮೊದಲೇ ಯಾರಾದರೂ ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿದ್ದರೆ ಹೆಂಡತಿಯ ಬಳೆ ಇಟ್ಟಾದರೂ ಎರಡು ಕಂತು ಕಟ್ಟುತ್ತಿದ್ದೆ. ಕಾಗದ ಇಂಗ್ಲಿಷಿನಲ್ಲಿ ಬಂದಿತ್ತು, ಮೊಬೈಲಿಗೆ ಮೆಸೇಜೂ ಇಂಗ್ಲಿಷ್. ಆ ಫೈನಾನ್ಸಿನ ಹೆಸರು ಇಲ್ಲಿ ಬೇಡ.

ಪೆರ್ಲದ ಹಳೆ ಗುಮಾಸ್ತ

ಆಟೋ ತಮ್ಮಾ, ನಿಮ್ಮ ಹಾಗೆ ತಿಳಿದವರು ನಮ್ಮ ಸಂಘದಲ್ಲೂ ಬಹಳ ಇದ್ದರು. ಲೆಕ್ಕ ಬಿಡಿಸಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಲಿ.

2,00,000 ಸಾಲ ಬಾಕಿ ಇದೆ ಅಂತ ಇಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1. ಆರು ತಿಂಗಳು ಏನೂ ಕಟ್ಟದಿದ್ದರೆ ಬಾಕಿ 2,12,304 ಆಗುತ್ತದೆ. ಇದರಲ್ಲಿ 12,000 ಬರೀ ಬಡ್ಡಿ. ಉಳಿದ 304 ಬಡ್ಡಿಯ ಮೇಲಿನ ಬಡ್ಡಿ. ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದ ಮೇಲೆ ಸರ್ಕಾರ 2 ಕೋಟಿ ತನಕದ ಸಾಲಗಾರರಿಗೆ ಆ ಬಡ್ಡಿಯ ಮೇಲಿನ ಬಡ್ಡಿಯನ್ನು ವಾಪಸ್ ಕೊಟ್ಟಿತು. ಅಂದರೆ ನಮ್ಮ ಲೆಕ್ಕದಲ್ಲಿ 304 ರೂಪಾಯಿ. 12,000 ಸಾಲಗಾರನ ತಲೆ ಮೇಲೆಯೇ ಉಳಿಯಿತು.

ಇದರ ಜೊತೆ ಒಂದು ಹಳೆ ವಿಷಯ ಹೇಳಬೇಕು. 1930ರ ದಶಕದಲ್ಲಿ ಲೋಕವೆಲ್ಲ ಹಿಂಜರಿತವಿತ್ತು. ಅಕ್ಕಿ, ತೆಂಗಿನಕಾಯಿ ಎಲ್ಲದರ ಬೆಲೆ ಬಿತ್ತು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸ್ ಆಡಳಿತ. ರಾಜಾಜಿ ಸರ್ಕಾರ 1938ರಲ್ಲಿ ಕೃಷಿಕರ ಸಾಲ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರಿಗಿಂತ ಹಿಂದಿನ ಸಾಲಕ್ಕೆ 1937ರ ಅಕ್ಟೋಬರ್ 1ರ ತನಕ ಏರಿದ ಬಡ್ಡಿ ಬಾಕಿಯನ್ನು ಆ ಕಾಯ್ದೆ ಪೂರ್ತಿ ತೊಡೆದುಹಾಕಿತು. ಅಸಲು ಮಾತ್ರ ಉಳಿಯಿತು. ನನ್ನ ಅಜ್ಜನ ಕಡತದಲ್ಲಿ ಆ ಕಾಯ್ದೆಯ ಹೆಸರು ಬರೆದ ಕಾಗದ ಈಗಲೂ ಇದೆ. ಬ್ರಿಟಿಷರ ಕಾಲದ ಸರ್ಕಾರಕ್ಕೆ ಬಡ್ಡಿ ಬಿಡಿಸಲು ಆಯಿತು. 2020ರಲ್ಲಿ ನಮಗೆ ಸಿಕ್ಕಿದ್ದು ವಾಯಿದೆ ಮಾತ್ರ.

ಇನ್ನೊಂದು. 2020ರ ಆಗಸ್ಟಿನಲ್ಲಿ ಬ್ಯಾಂಕುಗಳು ಚಿನ್ನದ ಬೆಲೆಯ ಶೇ. 90ರ ತನಕ ಸಾಲ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಬಿಟ್ಟಿತು. ಮೊದಲು ಶೇ. 75 ಇತ್ತು. ಅದೇ ಬಳೆಗೆ ಸ್ವಲ್ಪ ಜಾಸ್ತಿ ಸಾಲ. ಜನಕ್ಕೆ ಬೇಕಾಗಿತ್ತು, ತೆಗೆದುಕೊಂಡರು. ಬಿಡಿಸಿಕೊಳ್ಳಲು ಆಗದವರದು ಹರಾಜಿಗೆ ಹೋಯಿತು.

ಕುಂಬ್ಡಾಜೆ ತೋಟ

ಎಲ್ಲರೂ ಒಂದೇ ಕಡೆ ಹೇಳುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಎರಡೂವರೆ ಎಕರೆ ಅಡಿಕೆ ತೋಟ ಇರುವವ ನಾನು. ದೊಡ್ಡ ಜಮೀನ್ದಾರ ಅಲ್ಲ. ನನ್ನ ತೋಟದಲ್ಲಿ ಮದ್ದು ಬಿಡಲು, ಕೊಯ್ಲಿಗೆ ಜನ ಸಿಗುವುದಿಲ್ಲ. ಕೇರಳದಲ್ಲಿ ಕೃಷಿ ಕೂಲಿ ದಿನಕ್ಕೆ 700 ದಾಟಿ ಎಷ್ಟೋ ವರ್ಷ ಆಯಿತು, ದೇಶದಲ್ಲೇ ಜಾಸ್ತಿ. ಕೊಡಬಾರದು ಅಂತ ಅಲ್ಲ. ಮರ ಹತ್ತುವವನ ಜೀವ ಕೈಯಲ್ಲಿರುತ್ತದೆ, ಇನ್ನೂ ಜಾಸ್ತಿ ಕೊಡಬೇಕು. ಆದರೆ ಅಡಿಕೆಗೆ ಬೆಲೆ ಇಲ್ಲದಿದ್ದರೆ ಎಲ್ಲಿಂದ ಕೊಡಲಿ?

ಕಿಟ್ಟು, ಸಾಲ ಎಲ್ಲ ಒತ್ತಟ್ಟಿಗಿರಲಿ. 2020ರಲ್ಲಿ ನಮ್ಮನ್ನು ಉಳಿಸಿದ್ದು ಹೊರಗಿನ ಅಡಿಕೆ ಬರುವುದು ಕಡಿಮೆಯಾದದ್ದು. ಗಡಿಗಳು ಮುಚ್ಚಿದ್ದವು, ಕಳ್ಳಮಾಲೂ ಬರಲಿಲ್ಲ. ವರ್ಷದ ಕೊನೆಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬೆಲೆ ಏರಿತು. ನನ್ನ ತೋಟದಲ್ಲಿ ಕೆಲಸ ಮಾಡುವ ನಾಲ್ಕು ಮನೆಗೆ ಆ ವರ್ಷ ನಾನು ಒಂದು ದಿನವೂ ಕೂಲಿ ಬಾಕಿ ಇಡಲಿಲ್ಲ. ಆಮದಿನ ಕನಿಷ್ಠ ಬೆಲೆಯನ್ನು ಕೇಂದ್ರ 2023ರ ಫೆಬ್ರವರಿಯಲ್ಲಿ ಕೆ.ಜಿ.ಗೆ 251ರಿಂದ 351ಕ್ಕೆ ಏರಿಸಿತು. ಅದೂ ಆರ್ಥಿಕ ನೀತಿಯೇ ಅಲ್ವಾ? ಅದೂ ಕೂಲಿಯವರ ಮನೆಗೆ ಮುಟ್ಟುತ್ತದೆ, ನಮ್ಮ ಅಂಗಳದ ಮೂಲಕ.

1970ರ ಹೊತ್ತಿಗೆ ಅಡಿಕೆ ಬೆಲೆ ಪೂರಾ ಬಿದ್ದಿತ್ತು. ಆಗ ವಾರಣಾಸಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಸೇರಿಸಿದರು. ಕರ್ನಾಟಕ, ಕೇರಳ ಎರಡೂ ಸರ್ಕಾರ ಕೈಜೋಡಿಸಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊ ಆಯಿತು. ಎರಡು ರಾಜ್ಯ ಸೇರಿ ಒಂದು ಕೆಲಸ ಮಾಡಿದ್ದಕ್ಕೆ ನಾವು ಇವತ್ತು ಅಡಿಕೆ ಹಿಡಿದು ವ್ಯಾಪಾರಿಯ ಕೈಕಾಲು ಹಿಡಿಯಬೇಕಾಗಿಲ್ಲ. ಅದೇ ಎರಡು ರಾಜ್ಯ 2020ರಲ್ಲಿ ತಲಪಾಡಿಯಲ್ಲಿ ಏನು ಮಾಡಿದವು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಹೈಕೋರ್ಟು ಹೇಳಬೇಕಾಯಿತು ಆಂಬುಲೆನ್ಸ್ ಬಿಡಿ ಅಂತ.

ನನ್ನ ತಕರಾರು ಒಂದೇ. ಕಿಟ್ಟನ್ನು ಉಳ್ಳವರಿಗೂ ಕೊಟ್ಟರು. ನಮ್ಮ ಮನೆಗೂ ಬಂತು. ನಮಗೆ ಯಾಕೆ ಬೇಕಿತ್ತು? ಆ ಹಣ ಮಂಜೇಶ್ವರದ ಅಕ್ಕನ ಅಮ್ಮನಿಗೆ ನಗದಾಗಿ ಹೋಗಬೇಕಿತ್ತು.

ಬೀಡಿ ಮನೆಯ ಮಗಳು, ಮಂಜೇಶ್ವರ

ಅಣ್ಣ, ನಿಮ್ಮ ಮಾತಿನಲ್ಲಿ ಅರ್ಧ ನಾನು ಒಪ್ಪುತ್ತೇನೆ. ನಿಮ್ಮ ಅಂಗಳದಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರೂ ನಮ್ಮಂಥವರೇ.

ಆದರೆ ಎಲ್ಲರಿಗೂ ಕೊಟ್ಟದ್ದು ತಪ್ಪಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಆರಿಸಲು ಕೂತಿದ್ದರೆ ಪಟ್ಟಿ ತಯಾರಾಗುವಾಗ ಜೂನ್ ಆಗುತ್ತಿತ್ತು. ಬೇಡದವರು ಕಿಟ್ಟನ್ನು ಬಿಟ್ಟುಕೊಡುವ ದಾರಿಯೂ ಇತ್ತು. ಮತ್ತೆ ಎಲ್ಲರೂ ಸಾಲಿನಲ್ಲಿ ನಿಂತದ್ದರಿಂದ ಅಮ್ಮನಿಗೆ ಆ ಸಾಲಿನಲ್ಲಿ ನಿಲ್ಲಲು ನಾಚಿಕೆಯಾಗಲಿಲ್ಲ. ಇದು ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ, ಆದರೆ ನನಗೆ ಮುಖ್ಯ.

ಉಪ್ಪಳದವ

ತೋಟದ ಅಣ್ಣನಿಗೆ ನನ್ನ ಮನೆ ತೋರಿಸುತ್ತೇನೆ. ಎರಡು ಮಾಳಿಗೆ, ಮುಂದೆ ಗೇಟು. ಹೊರಗಿನಿಂದ ನೋಡಿದರೆ ಸಾಹುಕಾರ. ರೇಷನ್ ಕಾರ್ಡ್ ಬಿಳಿ, ಅಂದರೆ ಉಳ್ಳವರದ್ದು.

ಆ ಮನೆ ಕಟ್ಟಿದ್ದು ದುಬೈಯಲ್ಲಿ 17 ವರ್ಷ ಅಂಗಡಿಯಲ್ಲಿ ನಿಂತು. 2009ರಲ್ಲಿ ದುಬೈಯ ದೊಡ್ಡ ಕಂಪನಿಗಳೇ ಸಾಲ ಕಟ್ಟಲಾಗದೆ ಕೈಚೆಲ್ಲಿದಾಗ ನಮ್ಮ ರೂಮಿನ ಎಂಟು ಜನರಲ್ಲಿ ಮೂವರು ವಾಪಸ್ ಊರಿಗೆ ಬಂದರು. ನಾನು ಸಂಬಳ ಕಡಿಮೆ ಮಾಡಿಸಿಕೊಂಡು ಉಳಿದೆ. 2020ರ ಫೆಬ್ರವರಿಯಲ್ಲಿ ರಜೆಗೆ ಬಂದವ ಮತ್ತೆ ಹೋಗಲು ಆಗಲಿಲ್ಲ. ವಿಮಾನ ನಿಂತಿತು, ಆಮೇಲೆ ಅಂಗಡಿಯೇ ಮುಚ್ಚಿತು. ಜನವರಿ ನಂತರ ಬಂದು ಸಿಕ್ಕಿಹಾಕಿಕೊಂಡವರಿಗೆ ನೋರ್ಕಾದಿಂದ (ಹೊರದೇಶದಲ್ಲಿ ದುಡಿಯುವವರಿಗಾಗಿ ಇರುವ ಕೇರಳದ ಇಲಾಖೆ) 5,000 ಕೊಟ್ಟರು. ಅದು ನನಗೆ ಸಿಕ್ಕಿತು. ಬೇರೆ ಎಲ್ಲದರಲ್ಲೂ ‘ಬಿಳಿ ಕಾರ್ಡಾ? ನಿಮಗಿಲ್ಲ’.

ಹಳದಿ, ಗುಲಾಬಿ ಕಾರ್ಡಿನ ಬಡವರಿಗೆ ಕೊಟ್ಟದ್ದು ಸರಿಯೇ. ಆದರೆ ಕಾರ್ಡಿನ ಬಣ್ಣ ಹಳೆ ಆದಾಯ ಹೇಳುತ್ತದೆ. ಹಿಂಜರಿತದಲ್ಲಿ ನಿನ್ನೆ ಇದ್ದವನಿಗೆ ಇವತ್ತು ಇರುವುದಿಲ್ಲ. ಎಲ್ಲರಿಗೂ ಅಂತ ಕೊಟ್ಟ ಕಿಟ್ ಮಾತ್ರ ನನ್ನ ಮನೆಗೆ ಬಂತು. ರಾತ್ರಿ ಹೊತ್ತು ಹೋಗಿ ತಂದೆ.

ಈಗ ಮೀನಿನ ಗಾಡಿ ಓಡಿಸುತ್ತೇನೆ. ಮಕ್ಕಳು ಓದುತ್ತಿದ್ದಾರೆ.

ಹೊಸೂರು ಶಿಫ್ಟ್

ನಾನು ಡೆಂಕಣಿಕೋಟೆ ಕಡೆಯವನು. ಹೊಸೂರಿನಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ.

ನಮಗೆ ಹಿಂಜರಿತ ಕೊರೋನಾಕ್ಕಿಂತ ಮುಂಚೆಯೇ ಬಂತು. 2019ರಲ್ಲಿ ಲಾರಿ, ಬೈಕು ಮಾರಾಟ ಬಿದ್ದುಹೋಯಿತು. ದೊಡ್ಡ ಕಂಪನಿಗಳು ತಿಂಗಳಲ್ಲಿ ಇಷ್ಟು ದಿನ ಉತ್ಪಾದನೆ ಇಲ್ಲ ಅಂತ ಬೋರ್ಡ್ ಹಾಕಿದವು. ಅವರಿಗೆ ಮಾಲು ಕೊಡುವ ನಮ್ಮಂಥ ಸಣ್ಣ ಕಾರ್ಖಾನೆಗಳಲ್ಲಿ ಮೂರು ಶಿಫ್ಟ್ ಇದ್ದದ್ದು ಒಂದಾಯಿತು. ಪರ್ಮನೆಂಟ್ ಇದ್ದವರಿಗೆ ರಜೆ, ನಮಗೆ ‘ಕರೆದಾಗ ಬನ್ನಿ’. ಆ ಸೆಪ್ಟೆಂಬರ್ 20ಕ್ಕೆ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಹೊಸ ಕಾರ್ಖಾನೆಗಳಿಗೆ ಶೇ. 15. ಷೇರು ಪೇಟೆ ಆ ದಿನ ಮೇಲೆ ಹೋಯಿತು. ನಮ್ಮ ಎರಡನೇ ಶಿಫ್ಟ್ ವಾಪಸ್ ಬರಲಿಲ್ಲ. ಬರುವುದು ಹೇಗೆ? ಬೈಕು ಕೊಳ್ಳುವವನ ಹತ್ತಿರ ಹಣ ಇರಲಿಲ್ಲ. ಕಂಪನಿಗೆ ತೆರಿಗೆ ಉಳಿದರೆ ಅವನು ಬೈಕು ಕೊಳ್ಳುತ್ತಾನಾ?

ಲಾಕ್‌ಡೌನಿನಲ್ಲಿ ತಮಿಳುನಾಡು ಅಕ್ಕಿ ಕಾರ್ಡಿನವರಿಗೆ 1,000 ರೂಪಾಯಿ ಕೊಟ್ಟಿತು. 2021ರಲ್ಲಿ ಎರಡು ಕಂತಿನಲ್ಲಿ 4,000. ನಮ್ಮ ಮನೆಗೆ ಎರಡೂ ಬಂದವು. ರೇಷನ್ ಅಂಗಡಿಯಲ್ಲೇ ಕೈಗೆ ಕೊಟ್ಟರು, ಬ್ಯಾಂಕು, ಓಟಿಪಿ ಏನೂ ಇಲ್ಲ. ಆದರೆ ನನ್ನ ಪಕ್ಕದ ರೂಮಿನವರು ಕನಕಪುರ ಕಡೆಯವರು. ಹನ್ನೊಂದು ವರ್ಷದಿಂದ ಇಲ್ಲೇ ದುಡಿಯುತ್ತಾರೆ, ಕಾರ್ಡ್ ಮಾತ್ರ ಊರಿನದು. ಅವರಿಗೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ನಾವು ನಮ್ಮ ಅಕ್ಕಿಯಲ್ಲಿ ಪಾಲು ಕೊಟ್ಟೆವು.

ಒಂದು ವಿಷಯ ಎಲ್ಲರೂ ಬರೆದಿಟ್ಟುಕೊಳ್ಳಿ. ಇ.ಎಸ್.ಐ. (ಕಾರ್ಮಿಕರ ವಿಮೆ) ಕಾರ್ಡ್ ಇದ್ದವರಿಗೆ ಕೆಲಸ ಹೋದರೆ ಸರಾಸರಿ ಸಂಬಳದ ಶೇ. 50ರಂತೆ 90 ದಿನದ ತನಕ ಹಣ ಕೊಡುವ ಯೋಜನೆ ಆಗ ಇತ್ತು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ. ಮೊದಲು ಶೇ. 25 ಇದ್ದದ್ದನ್ನು ಆಗ ಏರಿಸಿದ್ದರು. ನನ್ನ ಸಂಬಳದಲ್ಲಿ ಪ್ರತಿ ತಿಂಗಳು ಇ.ಎಸ್.ಐ. ಮುರಿಯುತ್ತಿದ್ದರು. ಹಾಗಿದ್ದೂ ಇದು ನನಗೆ ಗೊತ್ತಾದದ್ದು 2022ರಲ್ಲಿ. ಕಾಂಟ್ರಾಕ್ಟರ್ ಹೇಳಲಿಲ್ಲ, ಕಾರ್ಖಾನೆಯವರು ಹೇಳಲಿಲ್ಲ.

ಅಕ್ಕಲಕೋಟ ಮಗ್ಗ

ನಮ್ಮ ಮಂದಿ ಸೊಲ್ಲಾಪುರದಾಗ ಟವೆಲ್ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಪಗಾರ ಪೀಸಿನ ಲೆಕ್ಕ. ಮಗ್ಗ ನಿಂತರೆ ರೊಕ್ಕ ಇಲ್ಲ. 2020ರಲ್ಲಿ ಸರ್ಕಾರದ ಅಗ್ಗದ ಊಟ ಶಿವಭೋಜನ ಥಾಲಿಯನ್ನು 10 ರೂಪಾಯಿಯಿಂದ 5ಕ್ಕೆ ಇಳಿಸಿದರು. ಎಷ್ಟೋ ಮಂದಿ ಅದನ್ನೇ ಉಂಡರು.

ಆದರೆ ನಾನು ಹೇಳಬೇಕೆಂದದ್ದು ನಮ್ಮ ಅಜ್ಜನ ಕಾಲದ್ದು. 1972ರ ಬರಗಾಲ. ಬೆಳೆ ಇಲ್ಲ, ದುಡಿಕಿ ಇಲ್ಲ. ಸರ್ಕಾರ ರಸ್ತೆ, ಕೆರೆ ಕೆಲಸ ತೆಗೆಯಿತು. ಅಜ್ಜ, ಅಜ್ಜಿ ಇಬ್ಬರೂ ಖಡಿ ಒಡೆದರು. ಆ ಬರದಾಗ ಬೆಳೆದ ಯೋಜನೆಯೇ ರೋಜಗಾರ ಹಮಿ, ಅಂದರೆ ಉದ್ಯೋಗ ಖಾತರಿ. ಮಹಾರಾಷ್ಟ್ರ ಅದಕ್ಕೆ 1977ರಲ್ಲಿ ಕಾಯ್ದೆ ಮಾಡಿತು. ವಿ. ಸ. ಪಾಗೆ ಅನ್ನುವವರು ಅದರ ಹಿಂದೆ ಇದ್ದರು. ಅದರ ರೊಕ್ಕಕ್ಕೆ ಶಹರದಾಗ ಪಗಾರ ತಗೊಳ್ಳುವವರ ಮೇಲೆ ವೃತ್ತಿ ತೆರಿಗೆ ಹಾಕಿದರು. ಕೆಲಸ ಇದ್ದವರು ಕೆಲಸ ಇಲ್ಲದವರಿಗೆ ಕೊಟ್ಟರು. ದೇಶಕ್ಕೆಲ್ಲ ಉದ್ಯೋಗ ಖಾತರಿ ಬಂದದ್ದು 2005ರ ಕಾಯ್ದೆಯಿಂದ. ಅದರ ಬೇರು ನಮ್ಮ ಕಡೆ ಕಲ್ಲಿನಾಗ ಐತಿ. ಅಜ್ಜಿ ಅದನ್ನು ಬಿಟ್ಟಿ ರೊಕ್ಕ ಅಂತ ಎಂದೂ ಅನ್ನಲಿಲ್ಲ. ‘ಆ ರಸ್ತೆ ನಾ ಮಾಡಿದ್ದು’ ಅಂತ ಬಸ್ಸಿನಾಗ ಕೂತು ತೋರಿಸುತ್ತಿದ್ದಳು.

ಕಾಮರ್ಸ್ ಟೀಚರ್, ಕಾಸರಗೋಡು

ಅಕ್ಕಲಕೋಟದವರ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ.

ನಾನು ಪ್ಲಸ್ ಟು ಮಕ್ಕಳಿಗೆ ಪಾಠ ಮಾಡುವವಳು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಸೂರಿನವರು ಹೇಳಿದ ಕಂಪನಿ ತೆರಿಗೆ ಇಳಿಕೆಯಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟಂತೆ ಆಗುತ್ತದೆ ಅಂತ ಸರ್ಕಾರವೇ ಆ ದಿನ ಹೇಳಿತು. 2020-21ರಲ್ಲಿ ಉದ್ಯೋಗ ಖಾತರಿಗೆ ಬಜೆಟಿನಲ್ಲಿ ಇಟ್ಟದ್ದು 61,500 ಕೋಟಿ. ಮೇ ತಿಂಗಳಲ್ಲಿ ಇನ್ನು 40,000 ಕೋಟಿ ಸೇರಿಸಿದರು. ಆ ವರ್ಷ ದೇಶದಲ್ಲಿ ಸುಮಾರು 7.5 ಕೋಟಿ ಮನೆಗಳು ಆ ಕೆಲಸಕ್ಕೆ ಬಂದವು. ಪಟ್ಟಣದಿಂದ ನಡೆದು ಊರಿಗೆ ಬಂದವರಿಗೆ ಸಿಕ್ಕಿದ್ದು ಅದೊಂದೇ. ಮರು ವರ್ಷದ ಬಜೆಟಿನಲ್ಲಿ 73,000 ಕೋಟಿಗೆ ಇಳಿಸಿದರು. ಕೊರೋನಾದ ಎರಡನೇ ಅಲೆ ಬಂದದ್ದು ಆ ವರ್ಷವೇ.

ನಮ್ಮ ಜಿಲ್ಲೆಗೆ ಈ ಯೋಜನೆ ಬಂದದ್ದು 2007ರಲ್ಲಿ. ಇಲ್ಲಿ ಎಲ್ಲರೂ ಮಲಯಾಳದಲ್ಲಿ ‘ತೊಳಿಲುರಪ್ಪು’ ಅಂತಲೇ ಹೇಳುವುದು. ಕೇರಳದಲ್ಲಿ ಆ ಕೆಲಸಕ್ಕೆ ಹೋಗುವವರು ನೂರಕ್ಕೆ ತೊಂಬತ್ತರಷ್ಟು ಹೆಂಗಸರು. 2020ರಲ್ಲಿ ದಿನದ ಕೂಲಿ 271ರಿಂದ 291 ಆಯಿತು. ಪೂರ್ತಿ 100 ದಿನ ಸಿಕ್ಕಿದರೂ 29,100. ಹೆಂಗಸಿನ ಸ್ವಂತ ಖಾತೆಗೆ ಬರುವ ಹಣ ಅದು. ತಿಂಗಳುಗಟ್ಟಲೆ ತಡವಾದರೂ ಅದರ ಮೇಲೆ ಗಂಡನ ಕೈ ಬೀಳುವುದಿಲ್ಲ.

ಆ ಹಣ ಎಲ್ಲಿ ಹೋಗುತ್ತದೆ ನೋಡಿ. ಬೀಡಿ ಮಜೂರಿಯ ಹಾಗೆಯೇ, ಅದೇ ವಾರ ಪೇಟೆಗೆ ಬರುತ್ತದೆ. ಮೀನು, ಅಕ್ಕಿ, ಮಕ್ಕಳ ಚಪ್ಪಲಿ, ಆಟೋ ಬಾಡಿಗೆ. ಉಪ್ಪಳದವರ ಮೀನಿನ ಗಾಡಿ, ಹೊಸಂಗಡಿಯವರ ಆಟೋ ಓಡುವುದು ಆ 291ರಿಂದ. ಹಿಂಜರಿತದಲ್ಲಿ ಸಾಲ ಸುಲಭ ಮಾಡಿದರೆ ಸಾಲದು. ಗಿರಾಕಿ ಇಲ್ಲದ ಅಂಗಡಿಯವ ಸಾಲ ತೆಗೆದು ಏನು ಮಾಡುತ್ತಾನೆ? ಕೇಂದ್ರದ 20 ಲಕ್ಷ ಕೋಟಿಯಲ್ಲಿ ದೊಡ್ಡ ಪಾಲು ಸಾಲ, ಸಾಲಕ್ಕೆ ಗ್ಯಾರಂಟಿ, ಬ್ಯಾಂಕಿಗೆ ಬಿಟ್ಟ ಹಣ. ಖಜಾನೆಯಿಂದ ನೇರವಾಗಿ ಜನರಿಗೆ ಹೋದ ಪಾಲು ಸಣ್ಣದು.

ಕೇರಳದ್ದೂ ಎಲ್ಲ ಸರಿ ಅಂತ ನಾನು ಹೇಳುವುದಿಲ್ಲ. 2020ರಲ್ಲಿ ಬಡವರ ಕ್ಷೇಮ ಪಿಂಚಣಿಯ ಬಾಕಿಯನ್ನೂ ಸೇರಿಸಿ ಕೊಟ್ಟರು. 2023-24ರಲ್ಲಿ ಅದೇ ಪಿಂಚಣಿ, ಆ ಹೊತ್ತಿಗೆ 1,600 ಆಗಿದ್ದದ್ದು, ಎಷ್ಟೋ ತಿಂಗಳು ಬಾಕಿಯಾಯಿತು. ಸಾಲದ ಮಿತಿ ಬಗ್ಗೆ ಕೇಂದ್ರದ ಮೇಲೆ ಕೇರಳ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅವರ ಜಗಳ ಏನೇ ಇರಲಿ, ಮದ್ದು ಕೊಳ್ಳಲು ಪಿಂಚಣಿ ಕಾಯುತ್ತಿದ್ದ ಮುದುಕಿಗೆ ಅದು ಗೊತ್ತಿಲ್ಲ.

ಕುಂಬ್ಡಾಜೆ ತೋಟ

ಟೀಚರ್, ಒಪ್ಪಿದೆ. ಉಪ್ಪಳದ ಅಣ್ಣನ ಬಿಳಿ ಕಾರ್ಡಿನ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಕಿಟ್ ಬಗ್ಗೆ ನಾನು ಹೇಳಿದ್ದು ಹಿಂದೆ ತೆಗೆದುಕೊಳ್ಳುತ್ತೇನೆ.

ಆದರೆ ತೊಳಿಲುರಪ್ಪಿನ ಕೆಲಸವನ್ನು ಕೊಯ್ಲಿನ ಹೊತ್ತು ಬಿಟ್ಟು ಮಳೆಗಾಲದ ಮೊದಲೂ ಆಮೇಲೂ ಹೆಚ್ಚು ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಇದನ್ನು ಭಾನುವಾರ ಹೇಳಿ ಗುಮಾಸ್ತರೇ.

ಬೀಡಿ ಮನೆಯ ಮಗಳು, ಮಂಜೇಶ್ವರ

ಎಲ್ಲರದ್ದೂ ಓದಿದೆ. ಆಟೋ ಅಣ್ಣನಿಗೆ ಕಂತಿನ ಕಾಗದ ಇಂಗ್ಲಿಷಿನಲ್ಲಿ ಬಂತು. ಹೊಸೂರಿನವರಿಗೆ ಇ.ಎಸ್.ಐ. ವಿಷಯ ಯಾರೂ ಹೇಳಲಿಲ್ಲ. ನಮ್ಮಲ್ಲೂ ಅದೇ. ಪಿಂಚಣಿ ಇಲ್ಲದ ಬಡ ಮನೆಗಳಿಗೆ ಕೇರಳ 1,000 ಕೊಟ್ಟಿತು, ಸಹಕಾರಿ ಸಂಘದವರೇ ಮನೆಗೆ ತಂದುಕೊಟ್ಟರು. ನಮ್ಮ ಪಕ್ಕದ ಮನೆಯವರು ಒಂದು ಕಚೇರಿಯಲ್ಲಿ ಮಲಯಾಳದ ಫಾರಂ ನೋಡಿ, ಓದಲು ಬಾರದೆ, ಬೇರೆ ಯಾವುದಕ್ಕೋ ಸಹಿ ಮಾಡಿ ಬಂದಿದ್ದರು. ಆ ಮನೆಯಲ್ಲಿ ಮೂವರೂ ಕನ್ನಡ ಶಾಲೆಯಲ್ಲಿ ಓದಿದವರು. ಕೇಳಲು ನಾಚಿಕೆ.

ಮಲಯಾಳದವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಆ ದಿನಗಳಲ್ಲಿ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಅಡುಗೆಮನೆಯಿಂದ ಊಟದ ಪೊಟ್ಟಣ ತಂದುಕೊಟ್ಟವರು ಮಲಯಾಳದ ಅಕ್ಕಂದಿರೇ. ಆದರೆ ಕಾಗದ ನಮ್ಮ ಭಾಷೆಯಲ್ಲಿ ಬರಬೇಕು.

ಪೆರ್ಲದ ಹಳೆ ಗುಮಾಸ್ತ

ಅದು ನಮ್ಮ ಹಕ್ಕು, ಮಗಾ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ ಅಲ್ಪಸಂಖ್ಯಾತರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಾನು ಕೆಲಸದಲ್ಲಿದ್ದಾಗ ಆ ಸಾವಿರ ರೂಪಾಯಿ ಹಂಚಲು ಮನೆಮನೆಗೆ ಹೋದವ. ಪಟ್ಟಿಯಲ್ಲಿ ಹೆಸರಿಲ್ಲದ ಮನೆಗಳ ಅಂಗಳ ದಾಟಿ ಮುಂದಿನ ಮನೆಗೆ ಹೋಗುವಾಗ ತಲೆ ಎತ್ತಲು ಆಗುತ್ತಿರಲಿಲ್ಲ. ಯಾಕೆ ಹೆಸರಿಲ್ಲ ಅಂತ ಆಗ ಕೇಳಲಿಲ್ಲ. ಕೇಳಬೇಕಿತ್ತು.

ಭಾನುವಾರದ ಮಾತುಕತೆ ಬೆಳಗ್ಗೆ 10 ಗಂಟೆಗೆ. ಅದು ಮುಗಿದ ಮೇಲೆ ಮಧ್ಯಾಹ್ನ 2ರಿಂದ ವಾಚನಾಲಯದ ಜಗಲಿಯಲ್ಲಿ ನಾನು ಕೂತಿರುತ್ತೇನೆ. ಟೀಚರ್, ನೀವೂ ಬನ್ನಿ, ನಿಮ್ಮ ಪ್ಲಸ್ ಟು ಮಕ್ಕಳಲ್ಲಿ ಮಲಯಾಳ ಚೆನ್ನಾಗಿ ಬರುವ ಇಬ್ಬರನ್ನು ಕರೆತನ್ನಿ. ಯಾರ ಹತ್ತಿರ ಅರ್ಥವಾಗದ ಕಾಗದ ಇದೆಯೋ, ಸಾಲದ್ದಾಗಲಿ, ಪಿ.ಎಫ್‌ನದ್ದಾಗಲಿ, ಕ್ಷೇಮನಿಧಿಯದ್ದಾಗಲಿ, ತೆಗೆದುಕೊಂಡು ಬನ್ನಿ. ಓದಿ ಹೇಳುತ್ತೇವೆ. ಬರೆಯಬೇಕಾದ್ದನ್ನು ಕನ್ನಡದಲ್ಲೇ ಬರೆದುಕೊಡುತ್ತೇವೆ.

ಹೊಸಂಗಡಿ ಆಟೋ

ನಾನು ಬರುತ್ತೇನೆ. ಮಂಜೇಶ್ವರದ ಅಕ್ಕ, ನಿಮ್ಮ ಅಮ್ಮನ ಪಿ.ಎಫ್. ಪುಸ್ತಕ ಮರೆಯಬೇಡಿ. ನಿಮ್ಮ ಕಡೆಯಿಂದಲೇ ಬರುವುದು, ಅಮ್ಮನನ್ನೂ ಪಕ್ಕದ ಮನೆಯವರನ್ನೂ ಹತ್ತಿಸಿಕೊಳ್ಳುತ್ತೇನೆ. ಬಾಡಿಗೆ ಬೇಡ.